ಸಂತೃಪ್ತಿ ಹೋಟೆಲಿನ ಕೊನೆಯ ಕರಪತ್ರ

ನಮ್ಮೂರಲ್ಲಿ ಸಂಜೆ ಐದು ಗಂಟೆಗೆ ಕಾಗದಗಳು ಮನೆಗೆ ಬರುತ್ತವೆ. ಬೇರೆ ಊರುಗಳಲ್ಲಿ ದನ ಬರುವ ಹೊತ್ತಿಗೆ ಧೂಳೇಳುತ್ತದಂತೆ. ನಮ್ಮಲ್ಲಿ ಏಳುವುದು ಸರಸರ ಸದ್ದು. ಅಚ್ಚಾದ ಹಾಳೆ ಯಾವುದೇ ಇರಲಿ, ಯಾರಾದರೂ ಒಬ್ಬರು ಅದನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದದಿದ್ದರೆ, ಅದು ಇಟ್ಟಲ್ಲಿಂದ ಇಳಿದು, ರಸ್ತೆಯ ಎಡಬದಿ ಹಿಡಿದು, ಅಚ್ಚು ಹಾಕಿಸಿದವರ ಕಾಲಬುಡಕ್ಕೆ ಬಂದು ಮಲಗುತ್ತದೆ. ಒಮ್ಮೆ ಪೂರ್ತಿ ಓದಿಸಿಕೊಂಡ ಹಾಳೆ ಆಮೇಲೆ ಎಲ್ಲಿ ಬಿದ್ದರೂ ಮಿಸುಕುವುದಿಲ್ಲ. ಅಚ್ಚು ಹಾಕಿದವರು, ಹಾಕಿಸಿದವರು ಓದಿಕೊಂಡರೆ ಅದು ಲೆಕ್ಕಕ್ಕಿಲ್ಲ. ತಮ್ಮದನ್ನು ತಾವೇ ಓದಿ ಸುಖಪಡುವವರಿಗೆ ನಮ್ಮೂರು ಹೇಳಿದ್ದಲ್ಲ. ಕರಪತ್ರ ಅಂತ ಹೆಸರಿಟ್ಟ ಪುಣ್ಯಾತ್ಮರು ಇಲ್ಲಿಗೆ ಬಂದಿರಲಾರರು. ಇಲ್ಲಿ ಅದಕ್ಕಿರುವುದು ಕರವಲ್ಲ, ಕಾಲು.

ಇದಕ್ಕೆ ಎಲ್ಲರೂ ಹೊಂದಿಕೊಂಡಿದ್ದೇವೆ. ಐದರಿಂದ ಐದೂವರೆಯವರೆಗೆ ಸ್ಕೂಟರಿನವರು ಮೆಲ್ಲಗೆ ಹೋಗುತ್ತಾರೆ. ನಗರಸಭೆಯ ಮುಂದೆ ಪ್ರಕಟಣೆಗಳು ಸಾಲಾಗಿ ನಿಲ್ಲುತ್ತವೆ, ಅದೇ ಕಟ್ಟಡದ ಮುಂದೆ ಬೆಳಿಗ್ಗೆ ನಿಲ್ಲುವ ಜನರಿಗಿಂತ ಶಿಸ್ತಾಗಿ. ನಲ್ಲಿಯಲ್ಲಿ ನೀರು ಬಿಡುವ ಹೊತ್ತು ತಿಳಿಸುವ ಚೀಟಿಯೊಂದೇ ಇವತ್ತಿನವರೆಗೂ ವಾಪಸ್ ಬಂದಿಲ್ಲ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಗಳು ಸಂಜೆಗೂ ಕಾಯದೆ ಹನ್ನೊಂದು ಗಂಟೆಗೇ ಹೆಡ್ಮಾಸ್ಟರ ಮೇಜು ಹತ್ತುತ್ತವೆ. ಲಗ್ನಪತ್ರಿಕೆಯಲ್ಲಿ ಹುಡುಗ, ಹುಡುಗಿ, ಮುಹೂರ್ತ ಇಷ್ಟನ್ನು ಜನ ಓದಿಯೇ ಓದುತ್ತಾರೆ. ಸುಖಾಗಮನ ಬಯಸುವವರ ಪಟ್ಟಿಗೆ ಬಂದರೆ ಕಣ್ಣು ಜಾರುತ್ತದೆ. ಹಾಗಾಗಿ ತಿಳಿದವರು ಪಟ್ಟಿಯನ್ನು ಮೂರು ಹೆಸರಿಗೆ ನಿಲ್ಲಿಸುತ್ತಾರೆ, ನಾಲ್ಕನೆಯ ಚಿಕ್ಕಪ್ಪ ಮದುವೆಗೆ ಬರುವುದನ್ನು ನಿಲ್ಲಿಸುತ್ತಾನೆ. ನಮ್ಮ ಬೀದಿಯಲ್ಲೊಬ್ಬ ಕವಿಯಿದ್ದಾನೆ. ತನ್ನ ಸಂಕಲನದ ಐನೂರು ಪ್ರತಿಯನ್ನೂ ಪುಕ್ಕಟೆ ಹಂಚಿದ, ಐನೂರೂ ಬಂದವು. ಈಗ ಅವನ ಹೆಂಡತಿ ಅವುಗಳ ಮೇಲೆ ಹಲಗೆ ಹಾಕಿ ಮಂಚ ಮಾಡಿಕೊಂಡಿದ್ದಾಳೆ. ನಿದ್ದೆ ಚೆನ್ನಾಗಿ ಬರುತ್ತದಂತೆ.

ನಾನು ತುಳಸಮ್ಮ. ಪೇಟೆ ಬೀದಿಯ ಕೊನೆಯಲ್ಲಿ ಸಂತೃಪ್ತಿ ಹೋಟೆಲ್ ನನ್ನದು. ಇಪ್ಪತ್ತೇಳು ವರ್ಷದ ಹಿಂದೆ ನಾನೂ ನಮ್ಮೆಜಮಾನರೂ ಶುರುಮಾಡಿದ್ದು. ಒಂಬತ್ತು ವರ್ಷದ ಹಿಂದೆ ಅವರು ಗಲ್ಲಾದ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಕುರ್ಚಿ ನನಗೆ ಬಂತು, ಅದರ ಜೊತೆ ಬೆಳಗಿನ ನಾಲ್ಕು ಗಂಟೆಯೂ ಬಂತು. ಐವತ್ತೆಂಟರ ಮಂಡಿಗೆ ನಾಲ್ಕು ಗಂಟೆ ಅನ್ನುವುದು ಹೊತ್ತಲ್ಲ, ಶಿಕ್ಷೆ. ಬಸ್ ಸ್ಟ್ಯಾಂಡ್ ಊರಿನ ಆಚೆ ತುದಿಗೆ ಹೋದ ಮೇಲೆ ಗಿರಾಕಿಗಳೂ ಬಸ್ಸು ಹತ್ತಿದಂತೆ ಹೋದರು. ಮಧ್ಯಾಹ್ನಕ್ಕೆ ಹತ್ತು ಊಟ ಹೋದರೆ ಹಬ್ಬ.

ಅಡುಗೆ ಹಾಲೇಶಿಯದು. ಇಪ್ಪತ್ತೆರಡು ವರ್ಷದಿಂದ ಅದೇ ಸೌದೆ ಒಲೆ, ಅದೇ ಮೂಲೆ, ಹಿಂದಿನ ಕೋಣೆಯಲ್ಲಿ ಅದೇ ಚಾಪೆ. ಹೆಂಡತಿ ಮಕ್ಕಳಿಲ್ಲ. ಮಾತನ್ನು ಅವನು ಉಪ್ಪಿನ ಹಾಗೆ ಬಳಸುತ್ತಾನೆ, ಬೇಕಾದಷ್ಟೇ. ಮಳಿಗೆ ಜಂಬಣ್ಣನದು. ಎರಡು ಬಾಗಿಲಾಚೆ ಅವನದೇ ಪ್ರಿಂಟಿಂಗ್ ಪ್ರೆಸ್ ಇದೆ. ಹೆಸರಲ್ಲಿರುವ ಜಂಬ ಮನುಷ್ಯನಲ್ಲಿಲ್ಲ. ತಾನು ಅಚ್ಚು ಹಾಕಿದ್ದು ದಿನಾ ಸಂಜೆ ತನ್ನ ಬಾಗಿಲ ಮುಂದೆಯೇ ಹಾದು ವಾಪಸ್ ಹೋಗುವುದನ್ನು ಮೂವತ್ತೊಂದು ವರ್ಷ ನೋಡಿದವನಿಗೆ ಜಂಬ ಎಲ್ಲಿಂದ ಬರಬೇಕು?

ಅವನ ಮಗಳು ಭಾನುಮತಿ ಬ್ಯೂಟಿ ಪಾರ್ಲರ್ ಕೆಲಸ ಕಲಿತು ಬಂದಳು. ಅವಳಿಗೊಂದು ಮಳಿಗೆ ಬೇಕಾಯಿತು. ಜಂಬಣ್ಣ ಒಂದು ಬೆಳಿಗ್ಗೆ ಬಂದು ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಆಮೇಲೆ ಬಾಯಿಬಿಟ್ಟ.

"ತುಳಸಕ್ಕ, ಬಿಡಿ ಅಂತ ಹೇಳ್ತಿಲ್ಲ. ಬಿಡೋದಿದ್ರೆ ಮೊದ್ಲು ನಮಗೆ ಹೇಳಿ ಅಂತಿದೀನಿ."

"ಎರಡೂ ಒಂದೇ ಅಲ್ವೇನಪ್ಪ."

"ಒಂದೇ. ಆದ್ರೂ ಹೀಗಂದ್ರೆ ಕೇಳೋಕೆ ಸ್ವಲ್ಪ ಮೆತ್ತಗಿರುತ್ತೆ."

ನಾನು ಹೇಳಿದೆ: "ಇನ್ನೊಂದೇ ಒಂದ್ಸಲ ಕಾಗದ ಹಂಚಿಸ್ತೀನಿ ಜಂಬಣ್ಣ. ಐನೂರು. ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂದ್ರೆ ಅಮಾವಾಸ್ಯೆಗೆ ಕೀಲಿ ನಿನ್ನ ಕೈಗೆ. ಬರಲಿಲ್ವೋ, ಇನ್ನೈದು ವರ್ಷ ಈ ಮಾತು ಎತ್ತಬೇಡ."

ಇಂಥ ಕರಾರಿಗೆ ನಮ್ಮೂರಲ್ಲಿ ಯಾರೂ ನಗುವುದಿಲ್ಲ. ಲಗ್ನಪತ್ರಿಕೆ ಅರ್ಧಕ್ಕರ್ಧ ಹಿಂದಿರುಗಿತು ಅಂತ ಮದುವೆ ಮುಂದಕ್ಕೆ ಹಾಕಿದ್ದಾರೆ. ಕರಪತ್ರಗಳ ಮೆರವಣಿಗೆ ತನ್ನ ಮನೆಕಡೆ ತಿರುಗಿದ್ದು ನೋಡಿ ಚುನಾವಣೆಗೆ ನಿಂತವನು ಕೂತಿದ್ದಾನೆ. ಜಂಬಣ್ಣ ಸರಿ ಅಂದ.

ನಿಜ ಹೇಳಿಬಿಡುತ್ತೇನೆ. ವಾಪಸ್ ಬರುತ್ತವೆ ಅಂತ ಗೊತ್ತಿದ್ದೇ ಆ ಮಾತಾಡಿದೆ. ಹೋದ ವರ್ಷ ಹಂಚಿದ ಮುನ್ನೂರರಲ್ಲಿ ಇನ್ನೂರ ಎಂಬತ್ತು ಬಂದು, ಹೊಸ್ತಿಲ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ನನಗೆ ಸಾಕಾಗಿತ್ತು. ಆದರೆ ನನಗೆ ಸಾಕಾಯಿತು ಅನ್ನುವುದಕ್ಕಿಂತ ಊರಿಗೆ ಸಾಕಾಯಿತು ಅನ್ನುವುದು ನಾಲಿಗೆಗೆ ಹಗುರ. ಹಾಲೇಶಿಯ ಮುಖ ನೋಡಿ ಹೇಳುವುದಕ್ಕೆ ನನಗೊಂದು ಕಾರಣ ಬೇಕಿತ್ತು, ಅದು ನಡೆದುಕೊಂಡು ತಾನೇ ಬಾಗಿಲಿಗೆ ಬರುವುದಿತ್ತು.

ಹೇಳಿದಾಗ ಅವನು ಮೊರದಲ್ಲಿ ಬೇಳೆ ಆರಿಸುತ್ತಿದ್ದ.

"ಎಷ್ಟು ಬಂದ್ರೆ ಮುಚ್ಚೋದು ಅಕ್ಕ?"

"ಇನ್ನೂರೈವತ್ತರ ಮೇಲೆ ಒಂದು ಬಂದ್ರೂ."

"ಮುಚ್ಚಿದ್ ಮೇಲೆ?"

"ನಮ್ಮ ತಂಗಿ ಮನೇಗ್ ಹೋಗಿ ಮಲಗ್ತೀನಿ. ಒಂದು ತಿಂಗ್ಳು ಏಳಲ್ಲ."

"ನೀವೇನೋ ಸರಿ."

ಅವನು ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟ. ನಾನು ಮದುವೆ ಛತ್ರದವರಿಗೆ ಹೇಳಿಸುತ್ತೇನೆ ಅಂದೆ.

"ಛತ್ರದಲ್ಲಿ ಗ್ಯಾಸು ಅಕ್ಕ. ನನಗೆ ಈ ಒಲೆ ಬಿಟ್ರೆ ಬೇರೇದ್ರ ಉರಿ ತಿಳಿಯಲ್ಲ," ಅಂದ. ಅಷ್ಟೇ. ಮೊರ ಕೊಡವಿಕೊಂಡು ಎದ್ದ.

ಮರುದಿನ ಪ್ರೆಸ್ಸಿಗೆ ಹೋದೆ. ಜಂಬಣ್ಣ ಹಗ್ಗಕ್ಕೆ ಸಿಕ್ಕಿಸಿದ ನಮೂನೆಗಳನ್ನೆಲ್ಲ ಇಳಿಸಿ ಮೇಜಿನ ಮೇಲೆ ಹರಡಿದ. ಮದುವೆಗೆ ಸೀರೆ ತೋರಿಸುವವನ ಉತ್ಸಾಹ ಅವನ ಕೈಯಲ್ಲಿತ್ತು, ಸಾವಿನ ಮನೆಗೆ ಬಂದವನ ಸಂಕೋಚ ಮುಖದಲ್ಲಿತ್ತು.

"ಒಂದು ಕಷ್ಟ ಇದೆ ತುಳಸಕ್ಕ. ಕಾಗದ ಕೆಟ್ಟದಾಗ್ ಹಾಕಿದ್ರೆ ಮಗಳಿಗೆ ಮಳಿಗೆ. ಚೆನ್ನಾಗ್ ಹಾಕಿದ್ರೆ ನನಗೆ ಹೆಸ್ರು. ಯಾವ್ದು ಹಾಕ್ಲಿ ನೀವೇ ಹೇಳಿ."

"ಸುಮಾರಾಗಿ ಹಾಕು."

"ಅದಾದ್ರೆ ಸರಿ. ನನಗೆ ಬರೋದೂ ಅದೇ."

ಮೊದಲು ಕ್ಯಾಲೆಂಡರ್ ತೋರಿಸಿದ. ಕ್ಯಾಲೆಂಡರಿನ ಪಾಡು ಊರಿಗೇ ಗೊತ್ತು. ವರ್ಷ ಮುಗಿಯುವವರೆಗೆ ಅದನ್ನು ಯಾರೂ ಪೂರ್ತಿ ಓದಿರುವುದಿಲ್ಲ. ಹೋದ ವರ್ಷ ಒಬ್ಬ ಹಾರ್ಡ್‌ವೇರ್ ಅಂಗಡಿಯವನು ಇನ್ನೂರು ಹಂಚಿ, ಪ್ರತಿ ಸಂಜೆ ಮೊಳೆ ಬಿಚ್ಚಿಕೊಂಡು ಬಂದವನ್ನೆಲ್ಲ ಪ್ರತಿ ಬೆಳಿಗ್ಗೆ ಮನೆಮನೆಗೆ ಹೊತ್ತು ಮತ್ತೆ ಮೊಳೆಗೆ ಹಾಕಿ ಬರುತ್ತಿದ್ದ. ಫೆಬ್ರವರಿಗೆ ಅಂಗಡಿ ಅಳಿಯನಿಗೆ ಕೊಟ್ಟ.

"ವಿಸಿಟಿಂಗ್ ಕಾರ್ಡ್ ಮಾಡ್ಸಿ. ಮೂರೇ ಸಾಲು. ಕಣ್ಣಿಗೆ ಬಿದ್ರೆ ಓದಿದ್ ಹಾಗೆ."

"ಕಣ್ಣಿಗೆ ಬಿದ್ರೆ ತಾನೆ. ನೇರ ಜೇಬಿಗೆ ಹಾಕ್ತಾರೆ. ಐದು ಗಂಟೆಗೆ ಅದು ಒಳಗೇ ಒದ್ದಾಡಿ ಕಚಗುಳಿ ಇಡುತ್ತೆ."

"ಅದೂ ಹೌದು. ಸಾವಿನ ಮನೇಲಿ ಮೇಷ್ಟ್ರು ನಕ್ಬಿಟ್ರಲ್ಲ ಹೋದ್ ತಿಂಗ್ಳು, ಅದು ನನ್ನ ಕಾರ್ಡೇ." ಅವನು ಕಾರ್ಡನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

ತಟ್ಟೆಯ ಕೆಳಗೆ ಹಾಸುವ ಹಾಳೆ ಬಂತು. ತಟ್ಟೆ ಎತ್ತಿ ಓದುವವರು ಯಾರು? ಸಾರು ಚೆಲ್ಲಿಸಿಕೊಂಡು, ಅದನ್ನು ಬೀದಿಯುದ್ದಕ್ಕೂ ತೊಟ್ಟಿಕ್ಕಿಸಿಕೊಂಡು ಬರುತ್ತದೆ. ಮೆನು ಕಾರ್ಡ್ ಬಂತು. ನನ್ನಲ್ಲಿರುವ ಹಳೆಯ ಎಂಟು ಮೆನು ಕಾರ್ಡುಗಳಲ್ಲಿ ಗಿರಾಕಿಗಳು ಗಾಳಿ ಬೀಸಿಕೊಳ್ಳುತ್ತಾರೆ, ನೊಣ ಓಡಿಸುತ್ತಾರೆ, ಅಲುಗಾಡುವ ಮೇಜಿನ ಕಾಲಿಗೆ ಕೊಡುತ್ತಾರೆ. ಸಂಜೆಗೆ ಎಂಟೂ ಗಲ್ಲಾದ ಮುಂದೆ ಬಂದು ಸಂಬಳ ಕೇಳುವವರ ಹಾಗೆ ನಿಲ್ಲುತ್ತವೆ. ಬಾಗಿಲ ಚಿಲಕಕ್ಕೆ ತೂಗುಹಾಕುವ ಕಾಗದ, ಕನ್ನಡಿಗೆ ಅಂಟಿಸುವ ಕಾಗದ, ಬೀಸಣಿಗೆಯ ಆಕಾರದ ಕಾಗದ. ಒಂದೊಂದರ ಮೇಲೂ ಕೈಯಾಡಿಸುತ್ತಾ ನನಗೆ ಆಕಳಿಕೆ ಬಂತು. ಎಲ್ಲ ವಾಪಸ್ ಬರುವವೇ. ಯಾವುದು ಹೆಚ್ಚು ಅಂದವಾಗಿ ವಾಪಸ್ ಬರುತ್ತದೆ ಅನ್ನುವುದಷ್ಟೇ ಆಯ್ಕೆ.

"ಮಾಮೂಲಿ ಕರಪತ್ರವೇ ಸಾಕು. ಅರ್ಧ ಹಾಳೆ, ಹಳದಿ ಕಾಗದ, ಏಳೇ ಸಾಲು," ಅಂದೆ.

ಜಂಬಣ್ಣ ಪೆನ್ಸಿಲ್ ಕಿವಿಯಿಂದ ತೆಗೆದ. ಇಂಥ ಹೊತ್ತಿಗೇ ಅವನೊಳಗಿನ ಪ್ರಾಸ ಏಳುವುದು. "ಹಸಿದವರಿಗೆ ಹರುಷ, ತಿಂದವರಿಗೆ ನೂರು ವರುಷ. ಹೇಗೆ?"

"ಹರುಷ ಇರ್ಲಿ. ನೂರು ವರ್ಷಕ್ಕೆ ಹಾಲೇಶಿ ಜವಾಬ್ದಾರಿ ಹೊರಲ್ಲ."

"ಪ್ರಾಸಕ್ಕೆ ಅಕ್ಕ. ವರ್ಷ ಯಾರು ಎಣಿಸ್ತಾರೆ." ಬರೆದುಕೊಂಡ. "ಶುಚಿ, ರುಚಿ, ಅಭಿರುಚಿ. ಅಚ್ಚುಕಟ್ಟಾದ ಆಸನ, ಅಕ್ಕರೆಯ ವ್ಯಸನ."

"ವ್ಯಸನ ತೆಗಿ."

"ಅಕ್ಕರೆಯ ಭಾಷಣ?"

"ಅದಕ್ಕಿಂತ ವ್ಯಸನವೇ ವಾಸಿ ಕಣೋ. ಆ ಸಾಲಿಗೆ ಆಸನ ಒಂದೇ ಇರ್ಲಿ."

ಮೇಲುಗಡೆ ಒಂದು ಚಿತ್ರ ಬೇಕೆಂದ. ಅವನ ಹತ್ತಿರ ಇರುವುದು ಒಂದೇ ಚಿತ್ರದ ಅಚ್ಚು, ದ್ರಾಕ್ಷಿ ಗೊಂಚಲು. ನಮ್ಮಲ್ಲಿ ದ್ರಾಕ್ಷಿ ಇಲ್ಲವಲ್ಲ ಅಂದೆ. "ಕನ್ನಡಕದ ಅಂಗಡೀಲೂ ಇರ್ಲಿಲ್ಲ, ಅವ್ರೂ ಹಾಕ್ಸಿದಾರೆ," ಅಂದ. ಭಾನುವಾರ ವಿಶೇಷ ಭೋಜನ, ತಪ್ಪದೇ ದಯಮಾಡಿಸಿ ಅನ್ನುವುದರೊಂದಿಗೆ ಏಳು ಸಾಲು ತುಂಬಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮನೆಗೆ ಬಂದೆ. ನನ್ನ ಮಟ್ಟಿಗೆ ಹೋಟೆಲ್ ಆವತ್ತೇ ಮುಚ್ಚಿತ್ತು.

ಐನೂರು ಹಾಳೆಯ ಕಟ್ಟು ಬುಧವಾರ ಬಂತು. ಹಂಚುವುದಕ್ಕೆ ಪೇಪರ್ ಹಾಕುವವನಿಗೆ ಹೇಳುತ್ತೇನೆ ಅಂದರೆ ಹಾಲೇಶಿ ಕೈಯೊರೆಸಿಕೊಂಡು ಹೊರಗೆ ಬಂದ. "ನಾನೇ ಹಂಚ್ತೀನಿ ಅಕ್ಕ. ಊಟದ ಹೊತ್ತು ಮುಗಿದ್ ಮೇಲೆ ನನಗೇನು ಕೆಲ್ಸ." ಇಪ್ಪತ್ತೆರಡು ವರ್ಷದಲ್ಲಿ ಅವನು ಬೀದಿಗೆ ಇಳಿಯುತ್ತೇನೆ ಅಂದದ್ದು ಅದೇ ಮೊದಲು. ಕೊನೆಯ ಸಲ ಊರು ನೋಡಲಿ ಅಂತ ಕೊಟ್ಟೆ.

ಸಂಜೆ ಐದಕ್ಕೆ ಹೊಸ್ತಿಲ ಪಕ್ಕ ಬುಟ್ಟಿಯಿಟ್ಟುಕೊಂಡು ಕೂತೆ. ಸರಸರ ಶುರುವಾಯಿತು. ಬಿಳಿ ಬಂತು, ಗುಲಾಬಿ ಬಂತು, ನೀಲಿ ಅಂಚಿನ ಲಗ್ನಪತ್ರಿಕೆಯೊಂದು ನನ್ನ ಕಾಲು ಮೂಸಿ ನೋಡಿ ದಾರಿ ತಪ್ಪಿತು ಅಂತ ಮುಂದೆ ಹೋಯಿತು. ಹಳದಿ ಒಂದೂ ಬರಲಿಲ್ಲ. ಇನ್ನೂ ದೂರದಲ್ಲಿರಬೇಕು ಅಂದುಕೊಂಡೆ. ಗುರುವಾರವೂ ಬರಲಿಲ್ಲ. ಶುಕ್ರವಾರ ಎದುರಿನ ಟೈಲರು ಹೊಲಿಗೆ ಬಿಟ್ಟು ನೋಡಲು ಬಂದ. ಶನಿವಾರ ಹತ್ತಾರು ಜನ ನಿಂತಿದ್ದರು, ಗ್ರಹಣ ನೋಡುವವರ ಹಾಗೆ. ಐನೂರಕ್ಕೆ ಒಂದೂ ವಾಪಸ್ಸಿಲ್ಲ ಅನ್ನುವುದು ನೀರಿನ ಚೀಟಿ ಬಿಟ್ಟರೆ ಊರಲ್ಲಿ ಯಾರಿಗೂ ಆಗದ್ದು.

"ಏನ್ ಬರ್ಸಿದ್ರಿ ತುಳಸಮ್ಮಾರೆ ಅದ್ರಲ್ಲಿ?" ಟೈಲರು ಕೇಳಿದ.

"ನೀನು ಓದಿಲ್ವ?"

"ನಮ್ಮ ಕಡೆ ಬರ್ಲಿಲ್ಲ. ಹಾಲೇಶಿ ಮೇಲಿನ ಬೀದಿಗೆ ಹೋಗಿರ್ಬೇಕು."

ಜಂಬಣ್ಣ ಬುಟ್ಟಿಯೊಳಗೆ ಕೈಹಾಕಿ ತಳ ಸವರಿ ನೋಡಿದ. ಅವನ ಮುಖದಲ್ಲಿ ಒಂದು ಕಡೆ ಮಗಳ ಮಳಿಗೆ ಹೋಗುತ್ತಿತ್ತು, ಇನ್ನೊಂದು ಕಡೆ ಮೂವತ್ತೊಂದು ವರ್ಷ ಬಾರದಿದ್ದ ಜಂಬ ಬರುತ್ತಿತ್ತು. "ವರುಷ, ಹರುಷ. ಅದೇ ಹಿಡ್ಸಿರ್ಬೇಕು," ಅಂತ ತನಗೆ ತಾನೇ ಹೇಳಿಕೊಂಡು ಹೋದ.

ನನಗೆ ಏನನಿಸಿತು? ಹೇಳಲು ನಾಚಿಕೆ. ಬಿಡುಗಡೆಯ ದಿನ ಜೈಲರು ಬಂದು, ನಿನ್ನ ನಡತೆ ಬಹಳ ಚೆನ್ನಾಗಿದೆ, ಇನ್ನೈದು ವರ್ಷ ಇರು ಅಂದಂತಾಯಿತು. ಆದರೂ ವಾಪಸ್ ಬಾರದ ಕಾಗದವೆಂದರೆ ಬರುವ ಗಿರಾಕಿ ಅನ್ನುವುದು ನಮ್ಮೂರಿನ ಲೆಕ್ಕ. ಆ ಲೆಕ್ಕದ ಮೇಲೆ ಯಾರೂ ಅನುಮಾನಪಟ್ಟಿದ್ದಿಲ್ಲ, ಪಡುವ ಸಂದರ್ಭವೇ ಬಂದಿದ್ದಿಲ್ಲ. ಐನೂರು ಜನ ಓದಿದ್ದಾರೆ. ಮೂರಕ್ಕೊಬ್ಬರು ಬಂದರೂ ನೂರೈವತ್ತಕ್ಕೆ ಕಮ್ಮಿಯಿಲ್ಲ. ಹಾಲೇಶಿಗೆ ನೂರೈವತ್ತು ಜನಕ್ಕೆ ವಾಂಗಿಭಾತು, ಮೊಸರನ್ನ ಮಾಡು ಅಂದೆ. ಅವನು ನನ್ನ ಮುಖ ನೋಡಿದ. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಹೊಗೆ ಅಂದುಕೊಂಡೆ.

"ಅಷ್ಟು ಬೇಡ ಅಕ್ಕ."

"ಯಾಕೆ?"

"ಸುಮ್ನೆ. ಇಪ್ಪತ್ತು ಸಾಕೇನೋ."

"ಐನೂರು ಜನ ಓದಿದಾರೆ ಕಣೋ."

ಅವನು ಇನ್ನೇನೋ ಹೇಳುವವನಿದ್ದ. ಬದನೆಕಾಯಿ ಹೆಚ್ಚಲು ಕೂತ.

ಭಾನುವಾರ ಹನ್ನೆರಡಕ್ಕೆ ಬೆಂಚುಗಳನ್ನೆಲ್ಲ ಒರೆಸಿ, ಪಕ್ಕದ ಮನೆಯಿಂದ ಇನ್ನೆರಡು ಬೆಂಚು ತರಿಸಿ ಹಾಕಿ ಕಾದೆ. ದಿನಾ ಬರುವ ನಾಲ್ವರು ಬಂದರು. ಯಾವತ್ತಿನ ಹಾಗೆ ಉಂಡು, ಇವತ್ತೇನು ಬೆಂಚು ಜಾಸ್ತಿ ಅಂತ ಕೇಳಿ ಹೋದರು. ಆಮೇಲೆ ಇಬ್ಬರು ಬಂದರು, ಹೊಸ ಬಸ್ ಸ್ಟ್ಯಾಂಡಿಗೆ ದಾರಿ ಕೇಳಲು. ಒಂದು ಗಂಟೆಗೆ ಜಂಬಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನುಗ್ಗಲಾಗದಷ್ಟು ಜನ ಇರುತ್ತಾರೆ ಅಂತ ಬಾಗಿಲಲ್ಲೇ ಪಕ್ಕಕ್ಕೆ ತಿರುಗಿ ಒಳಗೆ ಕಾಲಿಟ್ಟು, ಖಾಲಿ ಬೆಂಚುಗಳನ್ನು ನೋಡಿ ನೇರವಾದ.

"ಜನ ಎಲ್ಲಿ ತುಳಸಕ್ಕ?"

"ದಾರೀಲಿರ್ಬೇಕು."

ಎರಡು ಗಂಟೆಯಾಯಿತು. ದಾರಿಯಲ್ಲಿ ಒಂದು ನಾಯಿ ಮಾತ್ರ ಇತ್ತು, ಅದಕ್ಕೂ ಬೇರೆ ಕೆಲಸವಿತ್ತು. ಜಂಬಣ್ಣನಿಗಾದರೂ ಬಡಿಸೋಣ ಅಂತ ಎಲೆ ತರಲು ಹಿಂದಿನ ಉಗ್ರಾಣಕ್ಕೆ ಹೋದೆ. ಎಲೆಯ ಕಟ್ಟು ಅಕ್ಕಿ ಮೂಟೆಯ ಹಿಂದಕ್ಕೆ ಬಿದ್ದಿತ್ತು. ಬಗ್ಗಿ ಕೈಹಾಕಿದರೆ ಕಾಗದ ಸಿಕ್ಕಿತು. ಹಳದಿ ಕಾಗದ. ಐದು ಕಟ್ಟು, ಒಂದೊಂದರಲ್ಲಿ ನೂರು, ಅಂಚು ಸರಿಯಾಗಿ ಜೋಡಿಸಿ ಬಾಳೆನಾರಿನಲ್ಲಿ ಕಟ್ಟಿದ್ದು. ನಾನೇ ಅಚ್ಚು ಹಾಕಿಸಿದ ಕಾಗದ, ನನ್ನ ಕಾಲಿನ ಹತ್ತಿರವೇ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಮಿಸುಕದೆ ಮಲಗಿತ್ತು. ಮೇಲಿನದನ್ನು ಎತ್ತಿ ನೋಡಿದೆ. ಪ್ರತಿ ಸಾಲಿನ ಕೆಳಗೂ ಅರಿಸಿನದ ಗೆರೆ ಎಳೆದಂತಿತ್ತು. ಕೊನೆಯ ಸಾಲಿನ ಕೊನೆಯಲ್ಲಿ ಒಂದು ಬೆರಳ ಗುರುತು. ಎರಡನೆಯದರಲ್ಲೂ ಇತ್ತು. ನೂರನೆಯದರಲ್ಲೂ ಇತ್ತು.

ಕಟ್ಟು ತಂದು ಜಂಬಣ್ಣನ ಮುಂದಿನ ಮೇಜಿನ ಮೇಲಿಟ್ಟೆ. ಹಾಲೇಶಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವನೇ ಶುರುಮಾಡಿದ.

"ಮೊದಲ್ನೇ ದಿನ ಹಂಚೋಕೆ ಹೋಗಿದ್ದೆ ಅಕ್ಕ, ಐದಾಗ್ತಾ ಬಂದಿತ್ತು. ಮೂಲೆ ಮನೆಯವರು ಇಸ್ಕೊಂಡು ಮಡಚಿ ಕಿಟಕಿ ಸಂದೀಗಿಟ್ರು. ನಾನು ಗೇಟ್ ಹಾಕೋದ್ರೊಳಗೆ ಅದು ಕಿಟಕಿ ಇಳಿದು ನಡೀತಾ ಬಂತು. ಹಿಡ್ಕೊಂಡೆ. ಕೈಯಲ್ಲಿ ಕೊಸರಾಡ್ತು. ಏನ್ ಮಾಡೋದು ಅಂತ ಕಟ್ಟೆ ಮೇಲೆ ಕೂತು ನಾನೇ ಓದಿದೆ. ಸುಮ್ನಾಯ್ತು."

"ನೀನು ಓದ್ತೀಯಾ?"

"ಮೂರನೇ ಕ್ಲಾಸು. ಮೊದಲ್ನೇದಕ್ಕೆ ಅರ್ಧ ಗಂಟೆ ಹಿಡೀತು. ಒತ್ತಕ್ಷರ ಕಷ್ಟ. ಆಮೇಲಾಮೇಲೆ ಸಲೀಸಾಯ್ತು. ಓದದೆ ಉಳಿದಿದ್ದನ್ನ ಬಿಗಿದು ಕಟ್ಟಿ ಅಕ್ಕಿ ಮೂಟೆ ಅಡಿ ಒತ್ತಿಟ್ಕೊಂಡು ರಾತ್ರಿಯೆಲ್ಲ ಓದಿದೆ."

"ಐನೂರೂ ನೀನೇ ಓದಿದ್ಯಾ? ಒಂದು ಓದಿದ್ರೆ ಉಳಿದಿದ್ದೆಲ್ಲ ಬಾಯಿಗೆ ಬರುತ್ತಲ್ಲಪ್ಪ," ಅಂದ ಜಂಬಣ್ಣ.

"ಬಾಯಿಪಾಠ ಹೇಳಿದ್ರೆ ಒಪ್ಪಲ್ಲ ಅಣ್ಣ ಅದು. ಬಾಗಿಲ ಕಡೆ ಹೊರಟುಬಿಡುತ್ತೆ. ಬೆರಳಿಟ್ಟು ಓದಿದ್ರೇ ನಿಲ್ಲೋದು."

ನನಗೆ ಕೂರಬೇಕೆನಿಸಿತು, ಕೂತೆ. ಸಿಟ್ಟು ಬರಬೇಕಿತ್ತು, ಅದಕ್ಕೆ ಬೇಕಾದ ಬಲ ಇರಲಿಲ್ಲ. "ನನಗೆ ಹೇಳೋದಲ್ವೇನೋ. ನೂರೈವತ್ತು ಜನದ ಅಡುಗೆ ಮಾಡ್ಸಿದ್ನಲ್ಲೋ."

"ಹೇಳೋಣ ಅಂತಿದ್ದೆ. ಹೇಳಿದ್ರೆ ನಾಳೆನೇ ಮುಚ್ತಿದ್ರಿ." ಅವನು ತಲೆ ತಗ್ಗಿಸಿ, ಆಮೇಲೆ ಎತ್ತಿದ. "ಇನ್ನೊಂದು ಮಾತು ಅಕ್ಕ. ತಪ್ಪು ತಿಳೀಬೇಡಿ. ಐನೂರು ಸಲ ಓದಿದೀನಿ. ಒಂದ್ ಸಲಾನೂ ಹೊಟ್ಟೆ ಹಸೀಲಿಲ್ಲ."

ಅವನು ಮೇಜಿನ ಹತ್ತಿರ ಬಂದು ಹಾಳೆಯ ಸಾಲುಗಳ ಮೇಲೆ ಬೆರಳಿಟ್ಟ.

"ಆಸನ ಇದೆ, ಅಭಿರುಚಿ ಇದೆ, ದ್ರಾಕ್ಷಿ ಇದೆ. ತಿನ್ನೋದು ಅಂತ ಒಂದೂ ಇಲ್ಲ. ಭೋಜನ ಅಂತಿದೆ, ಅದು ಹೇಗಿರುತ್ತೆ ನಾನೇ ನೋಡಿಲ್ಲ. ನಾನ್ ಮಾಡೋದು ಊಟ."

ಜಂಬಣ್ಣನಿಗೆ ಕೋಪ ಬಂದಿರಬೇಕು ಅಂತ ಅವನ ಕಡೆ ನೋಡಿದೆ. ಅವನು ಹಾಳೆಯ ಮೇಲಿನ ಅರಿಸಿನದ ಗೆರೆಗಳ ಮೇಲೆ ಕೈಯಾಡಿಸುತ್ತಿದ್ದ.

"ಅಕ್ಷರ ಹೇಗಿತ್ತಪ್ಪ?" ಮೆಲ್ಲಗೆ ಕೇಳಿದ.

"ಚೆನ್ನಾಗಿದೆ ಅಣ್ಣ. ಕೊನೇ ಸಾಲಿನ 'ದ' ಒಂಚೂರು ಮೇಲೆ ಕೂತಿದೆ."

ಜಂಬಣ್ಣ ಕನ್ನಡಕ ಹಾಕಿಕೊಂಡು ನೋಡಿದ. "ಹೌದಲ್ಲಪ್ಪ." ಇನ್ನೊಂದು ಹಾಳೆ ತೆಗೆದು ನೋಡಿದ. "ಹೌದು ಕಣಯ್ಯ." ಅವನ ದನಿ ಬೇರೆಯಾಗಿತ್ತು. ಮೂವತ್ತೊಂದು ವರ್ಷದಲ್ಲಿ ತನ್ನ ಒಂದು ಅಕ್ಷರ ಜಾರಿದ್ದನ್ನು ಒಬ್ಬರು ಬಂದು ಹೇಳಿದ್ದು ಅದೇ ಮೊದಲು. ಮಗ ಫಸ್ಟ್ ಕ್ಲಾಸ್ ಪಾಸಾದ ಅಂದರೂ ಮನುಷ್ಯನ ಮುಖ ಅಷ್ಟು ಅರಳಲಾರದು.

ನಾನು ಸೊಂಟದಿಂದ ಕೀಲಿಗೊಂಚಲು ತೆಗೆದು ಮೇಜಿನ ಮೇಲಿಟ್ಟೆ. "ತಗೋ ಜಂಬಣ್ಣ. ಊರು ಓದಿಲ್ಲ. ಮಾತು ಮಾತೇ."

ಅವನು ಕೀಲಿ ಮುಟ್ಟಲಿಲ್ಲ. "ಮಾತು ಏನಾಗಿತ್ತು? ವಾಪಸ್ ಬಂದ್ರೆ ಅಂತ. ಬಂತಾ?"

"ಓದಿದ್ದು ಹಾಲೇಶಿ ಕಣೋ."

"ಹಾಲೇಶಿ ಊರಿನವನಲ್ವಾ? ಬೆರಳಿಟ್ಟು ಓದಿದಾನೆ ತುಳಸಕ್ಕ. ಇದನ್ನ ಓದು ಅಲ್ಲ ಅಂತ ಕಾಗದವೇ ಹೇಳಿಲ್ಲ, ನಾನ್ಯಾರು ಹೇಳೋಕೆ."

"ಭಾನುಮತಿಗೆ ಏನ್ ಹೇಳ್ತೀಯ?"

"ಅವ್ಳು ಹೊಸ ಬಸ್ ಸ್ಟ್ಯಾಂಡ್ ಹತ್ರ ಒಂದು ಮಳಿಗೆ ನೋಡ್ಕೊಂಡು ಬಂದ್ಲು ನಿನ್ನೆ. ಇಲ್ಲಿ ಗೋಡೆಗೆಲ್ಲ ಒಗ್ಗರಣೆ ವಾಸ್ನೆ ಹಿಡಿದಿದೆಯಂತೆ. ಮುಖ ತೊಳೆಸ್ಕೊಳೋಕೆ ಬಂದೋರು ಊಟಕ್ಕೆ ಕೂತ್ಬಿಡ್ತಾರೆ ಅಂದ್ಲು."

ಹೀಗೆ ಇಬ್ಬರು ಗಂಡಸರು ಸೇರಿಕೊಂಡು ನನ್ನನ್ನು ಉಳಿಸಿಬಿಟ್ಟರು. ಉಳಿದುಕೊಂಡವರ ಮುಖ ಹೇಗಿರಬೇಕೋ ಹಾಗೆ ನನ್ನದು ಇರಲಿಲ್ಲ ಅಂತ ಕಾಣುತ್ತದೆ. ಹಾಲೇಶಿ ಒಂದು ಎಲೆ ತಂದು ನನ್ನ ಮುಂದೆ ಹಾಕಿ, ಕೇಳದೆ ವಾಂಗಿಭಾತು ಬಡಿಸಿದ. ನಮ್ಮ ಹೋಟೆಲಿನ ಎಲೆಯ ಮುಂದೆ ನಾನು ಕೂತು ಎಷ್ಟು ವರ್ಷವಾಗಿತ್ತೋ. ನಿಂತು ತಿನ್ನುವುದು, ಸೌಟಿನಿಂದ ಅಂಗೈಗೆ ಹಾಕಿಕೊಂಡು ಉಪ್ಪು ನೋಡುವುದು, ಇಷ್ಟೇ ಅಭ್ಯಾಸ. ಬದನೆಕಾಯಿ ಬೆಣ್ಣೆಯಾಗಿತ್ತು. ಚಕ್ಕೆಯ ವಾಸನೆ ಮೂಗಿಗಿಂತ ಮೊದಲು ಮಂಡಿಗೆ ತಟ್ಟಿದಂತಾಯಿತು. ಎಲೆ ಬರಿದಾಗುವವರೆಗೆ ಉಂಡೆ. ಎರಡನೇ ಸಲ ಹಾಕಿಸಿಕೊಂಡೆ.

ಉಳಿದದ್ದು ನೂರನಲವತ್ತು ಊಟ. ಚೆಲ್ಲುವ ಪ್ರಶ್ನೆಯೇ ಇಲ್ಲ, ಹಾಲೇಶಿ ಬದುಕಿರುವವರೆಗೆ. ಪೊಟ್ಟಣ ಕಟ್ಟಿ ಮನೆಮನೆಗೆ ಕೊಟ್ಟು ಬರೋಣ ಅಂದ. ಆದರೆ ಕಟ್ಟಲು ಕಾಗದ? ನಮ್ಮೂರಲ್ಲಿ ಹಳೇ ಪೇಪರ್ ಸಿಗುವುದಿಲ್ಲ. ಪೇಪರನ್ನು ಕೊನೇ ಪುಟದ ಕೊನೇ ಸಾಲಿನವರೆಗೆ ಓದುವವರಿಲ್ಲವಾದ್ದರಿಂದ ಎಲ್ಲವೂ ಸಂಜೆಗೆ ಪೇಪರಿನವರ ಆಫೀಸಿಗೆ ಹೊರಟುಬಿಡುತ್ತವೆ. ಅನ್ನ ಕಟ್ಟಿದರೆ ಅನ್ನದ ಸಮೇತ ಹೋಗುತ್ತವೆ. ಮೂವರೂ ಮೇಜಿನ ಮೇಲಿನ ಹಳದಿ ಕಟ್ಟುಗಳನ್ನು ನೋಡಿದೆವು. ಓದಿಸಿಕೊಂಡ ಕಾಗದ, ಎಲ್ಲಿಗೂ ಹೋಗುವುದಿಲ್ಲ.

ಹಾಲೇಶಿ ಬಾಳೆಲೆ ಸೀಳಿ ಕೊಟ್ಟ, ನಾನು ಬಡಿಸಿದೆ, ಜಂಬಣ್ಣ ಇಸ್ತ್ರಿ ಅಂಗಿಯ ತೋಳು ಮಡಚಿ ಎಲೆಯ ಮೇಲೊಂದು ಹಳದಿ ಹಾಳೆ ಸುತ್ತಿ ದಾರ ಬಿಗಿದ. ಅಚ್ಚಾದ ಮೈ ಹೊರಗೆ ಬರುವ ಹಾಗೇ ಸುತ್ತುತ್ತಿದ್ದ. ನಾನು ನೋಡಿಯೂ ನೋಡದ ಹಾಗಿದ್ದೆ. ಎಣ್ಣೆ ಇಳಿದು ದ್ರಾಕ್ಷಿ ಗೊಂಚಲು ಮಿರಮಿರ ಮಿಂಚಿತು. ನಾಲ್ಕು ಗಂಟೆಗೆ ಇಬ್ಬರೂ ಬುಟ್ಟಿ ಹೊತ್ತು ಹೊರಟರು.

ಐದಕ್ಕೆ ಅಭ್ಯಾಸಬಲದಿಂದ ಹೊಸ್ತಿಲಲ್ಲಿ ಕೂತೆ. ಬಿಳಿ, ಗುಲಾಬಿ, ನೀಲಿ ಹಾದುಹೋದವು. ಹಳದಿ ಬರುವಂತಿರಲಿಲ್ಲ. ಯಾರು ನೋಡಿದರು, ಯಾರು ಮುದುರಿ ಎಸೆದರು ತಿಳಿಯುವ ದಾರಿಯೇ ನನಗಿರಲಿಲ್ಲ. ಬೇರೆ ಊರಿನವರು ಹೀಗೇ ಬದುಕುತ್ತಾರಂತೆ, ಹಂಚಿದ ಮೇಲೆ ಏನಾಯಿತು ಅಂತ ಗೊತ್ತಾಗದೆ. ಅವರಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೋ ಅಂದುಕೊಂಡೆ. ನನಗೆ ಬಂತು.

ಸೋಮವಾರ ನಾಲ್ಕೇ ಜನ, ಮಾಮೂಲಿನವರು. ಮಂಗಳವಾರವೂ ಅಷ್ಟೇ. ಬುಧವಾರ ಒಂದು ಗಂಟೆ ಹೊತ್ತಿಗೆ, ನಾನು ಕಾಣದ ಒಬ್ಬ ಮನುಷ್ಯ ಒಳಗೆ ಬಂದ. ಅಂಗಿಯ ಮೇಲೆಲ್ಲ ಸಿಮೆಂಟಿನ ಧೂಳು. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ಜೇಬಿನಿಂದ ನಾಲ್ಕು ಮಡಿಕೆಯ ಹಳದಿ ಕಾಗದ ತೆಗೆದ. ಎಣ್ಣೆ ಹಿಡಿದು ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. ಅಂಟಿಕೊಂಡಿದ್ದ ಒಂದು ಅನ್ನದ ಅಗುಳನ್ನು ಉಗುರಿನಿಂದ ಕೆರೆದು, ಬಿಡಿಸಿಟ್ಟುಕೊಂಡು ಓದತೊಡಗಿದ. ನಾನು ನೀರಿನ ಲೋಟ ಹಿಡಿದು ಹತ್ತಿರ ಹೋದವಳು ಅಲ್ಲೇ ನಿಂತೆ. ನಾನು ಲೋಟ ಇಟ್ಟರೆ ತಲೆ ಎತ್ತುತ್ತಾನೆ, ತಲೆ ಎತ್ತಿದರೆ ಸಾಲು ತಪ್ಪುತ್ತದೆ. ಅವನ ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮಂಡಿ ಚುಚ್ಚುತ್ತಿತ್ತು. ನಾಲ್ಕು, ಐದು. ಕೊನೆಯ ಸಾಲಿಗೆ ಬಂದು ಕೊಂಚ ಹೊತ್ತು ನಿಂತ, ದಾಟಿದ. ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಜೇಬಿಗಿಟ್ಟುಕೊಂಡು ತಲೆ ಎತ್ತಿದ.

"ತಿನ್ನೋಕೆ ಏನಿದೆಯಮ್ಮ?"

ಲೋಟ ಮೇಜಿನ ಮೇಲಿಟ್ಟೆ. ಎದುರಿನ ಬೆಂಚು ಎಳೆದುಕೊಂಡು ನಾನೂ ಕೂತು, ಒಂದೊಂದಾಗಿ ಹೇಳತೊಡಗಿದೆ.